ವಾಕಿಂಗ್‌ಗೆ ಹೊರಡುವ ಮುನ್ನ ಎಕ್ಯೂಐ ಬೇಡ, ಗಂಟೆಯ ಪಿಎಂ 2.5 ನೋಡಿ
ಬೆಳಿಗ್ಗೆ ಹೊರಗೆ ಓಡಬಹುದೇ ಎಂದು ತಿಳಿಯಲು ಸರ್ಕಾರಿ ಎಕ್ಯೂಐ (ವಾಯು ಗುಣಮಟ್ಟ ಸೂಚ್ಯಂಕ) ಅಂಕಿಯನ್ನು ನಂಬಬೇಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಸಿಆರ್ (ಸೆಂಟ್ರಲ್ ಕಂಟ್ರೋಲ್ ರೂಂ) ಪೋರ್ಟಲ್‌ಗೆ ಹೋಗಿ, ರಾಜ್ಯ, ಊರು, ನಿಮಗೆ ಹತ್ತಿರದ ಮಾಪನ ಕೇಂದ್ರ (ಬೆಂಗಳೂರಾದರೆ ಹೆಬ್ಬಾಳ, ಪೀಣ್ಯ, ಸಿಲ್ಕ್ ಬೋರ್ಡ್ ಹೀಗೆ) ಆರಿಸಿ, ಪಿಎಂ 2.5ರ (ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ದೂಳಿನ) ಒಂದು ಗಂಟೆಯ ಸರಾಸರಿ ತೆಗೆಯಿರಿ. ನಮ್ಮ ಎಕ್ಯೂಐನಲ್ಲಿ ದೂಳಿನ ಲೆಕ್ಕ ಹಿಂದಿನ 24 ಗಂಟೆಗಳ ಸರಾಸರಿ. ಹಾಗಾಗಿ ದೀಪಾವಳಿ ರಾತ್ರಿಯ ಪಟಾಕಿ ಹೊಗೆ ಮರುದಿನ ಮಳೆಗೆ ತೊಳೆದುಹೋದರೂ ಅಂಕಿ ಸಂಜೆಯವರೆಗೂ ಇಳಿಯುವುದಿಲ್ಲ. ಈಗಷ್ಟೇ ಪಕ್ಕದಲ್ಲಿ ಕಸ ಸುಟ್ಟರೆ ತಕ್ಷಣ ಏರುವುದೂ ಇಲ್ಲ. ಹೋಲಿಕೆಗೆ: ಪಿಎಂ 2.5ಕ್ಕೆ 24 ಗಂಟೆಯ ರಾಷ್ಟ್ರೀಯ ಮಿತಿ ಘನ ಮೀಟರ್‌ಗೆ 60 ಮೈಕ್ರೋಗ್ರಾಂ, ಅದೇ ಎಕ್ಯೂಐ 100. ಖಾಸಗಿ ಆ್ಯಪ್‌ಗಳು ಇದೇ 60ಕ್ಕೆ ಅಮೆರಿಕದ ಮಾಪನದಲ್ಲಿ 150ಕ್ಕಿಂತ ಹೆಚ್ಚು ತೋರಿಸುತ್ತವೆ, ಗಾಬರಿ ಬೇಡ, ಅಳತೆಗೋಲು ಬೇರೆ ಅಷ್ಟೇ. ಒಂದೇ ಗಂಟೆಯ ಅಂಕಿ ನೋಡಿ ತೀರ್ಮಾನಿಸಬೇಡಿ, ಮೂರು ನಾಲ್ಕು ಗಂಟೆಗಳ ಸಾಲು ನೋಡಿ. ಯಂತ್ರದ ಕ್ಯಾಲಿಬ್ರೇಷನ್ (ಅಳತೆ ಸರಿಹೊಂದಿಸುವ ಕೆಲಸ) ನಡೆಯುವಾಗ, ಕರೆಂಟ್ ಹೋದಾಗ ಅಂಕಿಯ ಜಾಗ ಖಾಲಿ ಇರುತ್ತದೆ ಅಥವಾ ಒಂದೇ ಅಂಕಿ ಗಂಟೆಗಟ್ಟಲೆ ಹಾಗೇ ನಿಂತಿರುತ್ತದೆ. ಅಂಥದ್ದನ್ನು ಬಿಟ್ಟುಬಿಡಿ. ಕೇಂದ್ರ ನಿಮ್ಮ ಮನೆಯಿಂದ ಐದಾರು ಕಿಲೋಮೀಟರ್ ದೂರವಿದ್ದರೆ, ಇಲ್ಲವೇ ನಿಮ್ಮದು ಲಾರಿ ಓಡಾಡುವ ರಸ್ತೆಯಾದರೆ, ಅಂಕಿ ನಿಮ್ಮ ಬೀದಿಗೆ ಹೊಂದದು. ಕೈಯಿಂದ ಮಾದರಿ ತೆಗೆಯುವ ಹಳೆಯ ಕೇಂದ್ರಗಳಷ್ಟೇ ಇರುವ ಊರುಗಳಲ್ಲಿ ಈ ಉಪಾಯ ನಡೆಯುವುದೇ ಇಲ್ಲ: ಅಲ್ಲಿ ವಾರಕ್ಕೆ ಎರಡು ದಿನ ಮಾತ್ರ ಅಳೆಯುತ್ತಾರೆ.