ಹದಿಮೂರು ದಿನ ಯುರೋಪ್, ಚಾರ್ಜು ಆರುನೂರ ಚಿಲ್ಲರೆ

2024ರ ಸೆಪ್ಟೆಂಬರಿನಲ್ಲಿ ನಾನೂ ನಮ್ಮನೆಯವಳೂ ಪ್ಯಾರಿಸ್, ಸ್ವಿಟ್ಜರ್ಲೆಂಡ್ ಅಂತ 13 ದಿನ ಸುತ್ತಿ ಬಂದೆವು. ಶಿವಮೊಗ್ಗಕ್ಕೆ ಬಂದು ಮಾಡಿದ ಮೊದಲ ಕೆಲಸ ಅಂದ್ರೆ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿದ್ದು. ಕಾರ್ಡಿನ ಚಾರ್ಜು, ಎಟಿಎಂ ಚಾರ್ಜು, ಮೊಬೈಲಿನ ದಂಡ ಎಲ್ಲ ಸೇರಿ ಆರುನೂರ ಚಿಲ್ಲರೆ ರೂಪಾಯಿ. ಆ ಹಾಳೆಯನ್ನು ಭಾವನ ಮನೆಗೆ ತಗೊಂಡು ಹೋಗಿ ಟೀಪಾಯಿ ಮೇಲೆ ಇಟ್ಟು, ಕಾಫಿ ಕುಡಿದು ಬಂದೆ. ಒಂದು ಮಾತೂ ಆಡಲಿಲ್ಲ. ಆಡಬೇಕಾದ್ದು ಅವರು.

ಯಾಕಂದ್ರೆ ಆರು ವರ್ಷದಿಂದ ಅವರದು ಒಂದೇ ಮಾತು. "ಅಲ್ಲ ಮಾರಾಯ, ಲಕ್ಷಗಟ್ಟಲೆ ಸುರಿದು ಹೋಗೋನು ಈ ಚಿಲ್ಲರೆಗೆ ಯಾಕೆ ತಲೆ ಕೆಡಿಸ್ಕೊಳ್ತೀಯ? ಫಾರೆಕ್ಸ್ ಕಾರ್ಡ್ ತಗೋ, ರೋಮಿಂಗ್ ಪ್ಯಾಕ್ ಹಾಕ್ಸು, ಆರಾಮಾಗಿರು." ಫಾರೆಕ್ಸ್ ಕಾರ್ಡ್ ಅಂದ್ರೆ ಹೊರದೇಶದ ಹಣವನ್ನು ಮೊದಲೇ ತುಂಬಿಸಿಕೊಂಡು ಹೋಗುವ ಕಾರ್ಡು. ರೋಮಿಂಗ್ ಅಂದ್ರೆ ನಮ್ಮ ಸಿಮ್ಮನ್ನೇ ಹೊರದೇಶದ ನೆಟ್‌ವರ್ಕಿನಲ್ಲಿ ಓಡಿಸುವುದು.

ಚಿಲ್ಲರೆ ಎಷ್ಟಾಗುತ್ತದೆ ಅಂತ ನನಗೆ ಗೊತ್ತಾಗಿದ್ದು 2018ರಲ್ಲಿ, ಥಾಯ್ಲೆಂಡಿನಲ್ಲಿ. ಅಲ್ಲಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಒಂದು ಸಲಕ್ಕೆ 220 ಬಾತ್ ಹಿಡಿಯುತ್ತಿದ್ದವು. ಸಾವಿರ ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ನಾನು ಜಾಣನ ಹಾಗೆ ಸ್ವಲ್ಪ ಸ್ವಲ್ಪವೇ ಐದು ಸಲ ತೆಗೆದೆ. ನಮ್ಮ ಬ್ಯಾಂಕು ತನ್ನ ಪಾಲು ಅಂತ ಪ್ರತಿ ಸಲ ನೂರೈವತ್ತರ ಹತ್ತಿರ ಹಾಕಿತು. ಕಾರ್ಡಿನ ಉಳಿದ ಖರ್ಚಿಗೆಲ್ಲ ಮೂರೂವರೆ ಪರ್ಸೆಂಟ್ ಮಾರ್ಕಪ್, ಅಂದ್ರೆ ಹೊರದೇಶದ ಹಣದ ಖರ್ಚಿಗೆ ಬ್ಯಾಂಕು ಹಾಕುವ ಶುಲ್ಕ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅಂದ್ರೆ ನೂರಕ್ಕೆ ನಾಲ್ಕು ರೂಪಾಯಿ ಮೇಲೇ ಹೋಯಿತು. ಇದೆಲ್ಲ ಹೋಗಲಿ, ಫೋನು ರಾತ್ರಿ ಹೋಟೆಲಿನ ವೈಫೈ ಕಟ್ಟಾದಾಗ ಸುಮ್ನೆ ರೋಮಿಂಗ್ ಡೇಟಾದಲ್ಲೇ ಫೋಟೋ ಬ್ಯಾಕಪ್ ಮಾಡಿಕೊಂಡು ಕೂತಿತ್ತು. ಪೋಸ್ಟ್‌ಪೇಯ್ಡ್ ಬಿಲ್ 6,800 ಬಂತು. ಒಟ್ಟು ಹನ್ನೆರಡು ಸಾವಿರ ದಾಟಿತು. ಆಗಿನ ರೇಟಿಗೆ ಮೂವತ್ತೈದು ಕೇಜಿ ಅಡಿಕೆಯ ದುಡ್ಡು!

2019ರಲ್ಲಿ ಭಾವನ ಮಾತು ಕೇಳಿ ಫಾರೆಕ್ಸ್ ಕಾರ್ಡ್ ಮಾಡಿಸಿದೆ. ಏಜೆಂಟ್ ಡಾಲರ್ ತುಂಬಿಸಿ ಕೊಟ್ಟ. ಹೋಗಿದ್ದು ಮತ್ತೆ ಥಾಯ್ಲೆಂಡಿಗೆ, ಖರ್ಚು ಬಾತಿನಲ್ಲಿ. ಡಾಲರಿನಿಂದ ಬಾತಿಗೆ ಹೋಗುವಾಗ ಕ್ರಾಸ್ ಕರೆನ್ಸಿ ಅಂತ ಮತ್ತೆ ಅದೇ ಮೂರೂವರೆ! ಕೊನೆಗೆ ಉಳಿದ 140 ಡಾಲರನ್ನು ವಾಪಸ್ ರೂಪಾಯಿ ಮಾಡಿಸುವಾಗ ಅವರ ಕೊಳ್ಳುವ ರೇಟು. ಕೊಡುವಾಗ ಒಂದು ಬೆಲೆ, ತಗೊಳ್ಳುವಾಗ ಇನ್ನೊಂದು. ಹೋಗುವ ದೇಶದ ಹಣವನ್ನೇ ತುಂಬಿಸಲು ಆಗುವುದಾದರೆ ಫಾರೆಕ್ಸ್ ಕಾರ್ಡು ತೀರಾ ಕೆಟ್ಟದ್ದೇನಲ್ಲ. ಇಲ್ಲದಿದ್ದರೆ ಬೇಡ.

ಆ ಪ್ರವಾಸದಲ್ಲಿ ಒಂದೇ ಒಂದು ಒಳ್ಳೆಯದಾಯಿತು. ನೂರು ಡಾಲರಿನ ಗರಿಗರಿ ನೋಟು ಒಯ್ದು ಬ್ಯಾಂಕಾಕಿನಲ್ಲೇ ಬಾತ್ ಮಾಡಿಸಿದೆ. ಅಲ್ಲಿ ನೂರರ ನೋಟಿಗೆ ಒಂದು ರೇಟು, ಇಪ್ಪತ್ತು, ಹತ್ತರ ನೋಟಿಗೆ ಕಡಿಮೆ ರೇಟು. ಮಡಚಿದ, ಗೀಚಿದ ನೋಟಿಗೆ ಮುಖ ಸಿಂಡರಿಸುತ್ತಾರೆ. ಏರ್‌ಪೋರ್ಟಿನ ಬ್ಯಾಗೇಜ್ ಬೆಲ್ಟ್ ಪಕ್ಕದ ಕೌಂಟರಿಗೂ ಊರೊಳಗೆ ರಾಚದಮ್ರಿಯಲ್ಲಿರುವ ಸೂಪರ್‌ರಿಚ್ ಅನ್ನುವ ಹಣ ಬದಲಾಯಿಸುವ ಅಂಗಡಿಗೂ ಹಗಲು ರಾತ್ರಿಯ ವ್ಯತ್ಯಾಸ. ಕುತೂಹಲಕ್ಕೆ ನಮ್ಮ ಐನೂರರ ನೋಟುಗಳನ್ನೂ ಕೊಟ್ಟು ನೋಡಿದೆ. ತಗೊಂಡರು, ಆದರೆ ಆ ರೇಟು ನೆನೆಸಿಕೊಂಡರೆ ಈಗಲೂ ಬೇಜಾರು. ಏರ್‌ಪೋರ್ಟಿನಲ್ಲೇ ಒಳ್ಳೆ ರೇಟು ಸಿಗುವ ಒಂದು ಮೂಲೆಯೂ ಇದೆ. ಅದನ್ನು ಇಲ್ಲಿ ಬರೆಯಲ್ಲ. ಹೋಗಿ ಹುಡುಕಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪರದೇಶದ ಕಾರ್ಡ್ ಮೆಷಿನ್ ಮೇಲೆ ರೂಪಾಯಿ ಅಂತ ಕಂಡರೆ ಎಚ್ಚರ. ಬ್ಯಾಂಕಾಕಿನ ಹೋಟೆಲೊಂದರಲ್ಲಿ 1,750 ಬಾತ್ ಊಟ. ಮೆಷಿನ್ ಕೇಳಿತು: ಬಾತಿನಲ್ಲಿ ಕೊಡ್ತೀರೋ, ರೂಪಾಯಿಯಲ್ಲೋ? ನಮ್ಮ ರೂಪಾಯಿ ಕಂಡು ಖುಷಿಯಾಗಿ ಅದನ್ನೇ ಒತ್ತಿದೆ. ಆ ದಿನದ ರೇಟಿಗೆ 3,675 ಆಗಬೇಕಿದ್ದದ್ದು 3,900ರ ಹತ್ತಿರ ಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ರೂಪಾಯಿಯಲ್ಲಿ ಕೊಟ್ಟರೂ ಅಂಗಡಿ ಹೊರದೇಶದ್ದು ಅಂತ ನಮ್ಮ ಬ್ಯಾಂಕು ಒಂದು ಪರ್ಸೆಂಟ್ ಬೇರೆ ಹಾಕಿತ್ತು. ಈಗ ಯಾವ ದೇಶಕ್ಕೆ ಹೋದರೂ ಆ ದೇಶದ ಹಣವನ್ನೇ ಒತ್ತುತ್ತೇನೆ. ಎಟಿಎಂ ಇನ್ನೂ ಕಿಲಾಡಿ. "ಕನ್ವರ್ಷನ್ ಬೇಡ" ಅಂತ ಒತ್ತಿದರೆ ವ್ಯವಹಾರವೇ ರದ್ದಾಗುತ್ತದೇನೋ ಅನ್ನುವ ಹಾಗೆ ಹೆದರಿಸಿ ಬರೆದಿರುತ್ತಾರೆ. ಧೈರ್ಯವಾಗಿ ಬೇಡ ಅನ್ನಿ. ದುಡ್ಡು ಬರುತ್ತದೆ, ನಮ್ಮ ಬ್ಯಾಂಕಿನ ರೇಟಿಗೆ ಬರುತ್ತದೆ.

ಕಾರ್ಡು ಮಾರ್ಕಪ್ ಇಲ್ಲದ್ದೇ ಆಗಬೇಕು, ಅದು ನಿಮಗೆಲ್ಲ ಗೊತ್ತೇ ಇದೆ. ಯಾವ ಕಾರ್ಡು ಅಂತ ಮಾತ್ರ ಕೇಳಬೇಡಿ. ನಾನು ಮೂರು ವರ್ಷದಲ್ಲಿ ಎರಡು ಸಲ ಬದಲಾಯಿಸಿದ್ದೇನೆ. ಷರತ್ತುಗಳು ಮಲೆನಾಡಿನ ಮಳೆಯ ಹಾಗೆ, ಯಾವಾಗ ತಿರುಗುತ್ತವೋ ಹೇಳಕ್ಕಾಗಲ್ಲ. ಹೊರಡುವ ಹಿಂದಿನ ವಾರ ಶುಲ್ಕದ ಪಟ್ಟಿಯನ್ನು ಓದಿಕೊಳ್ಳುತ್ತೇನೆ. ಕ್ರೆಡಿಟ್ ಕಾರ್ಡಿನಲ್ಲಿ ಎಟಿಎಂ ದುಡ್ಡು ತೆಗೆಯುವುದಿಲ್ಲ, ತೆಗೆದ ದಿನದಿಂದಲೇ ಬಡ್ಡಿ. ಹೋಟೆಲಿನವರು ಡಿಪಾಸಿಟ್ ಅಂತ ಹಿಡಿದಿಡುವುದಕ್ಕೆ ಮಾತ್ರ ಕ್ರೆಡಿಟ್ ಕಾರ್ಡ್. ಡೆಬಿಟ್ ಕೊಟ್ಟರೆ ಅಷ್ಟು ದುಡ್ಡು ವಾರಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತದೆ.

2023ರಲ್ಲಿ ಹೊಸ ಕಾರ್ಡ್ ಹಿಡಿದು ಸಿಂಗಪುರಕ್ಕೆ ಹೋದೆ. ಮೊದಲ ಅಂಗಡಿಯಲ್ಲೇ ಡಿಕ್ಲೈನ್. 2020ರಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡುಗಳು ಹೊರದೇಶಕ್ಕೆ ಬಂದ್ ಆಗಿಯೇ ಬರುತ್ತವೆ, ಆಪ್‌ನಲ್ಲಿ ನಾವೇ ಆನ್ ಮಾಡಬೇಕು. ಮಾಡಿರಲಿಲ್ಲ. ಅಲ್ಲೇ ಆನ್ ಮಾಡಲು ಹೋದರೆ ಓಟಿಪಿ ಕೇಳಿತು. ಓಟಿಪಿ ಬರಬೇಕಾದ ಸಿಮ್ಮು ನನ್ನ ಪರ್ಸಿನೊಳಗೆ! ದುಡ್ಡು ಉಳಿಸಲು ಅದನ್ನು ತೆಗೆದು ಅಲ್ಲಿನ ಸಿಮ್ ಹಾಕಿಕೊಂಡಿದ್ದೆ. ಆವತ್ತು ಸೂಜಿ ಹುಡುಕಿ, ಸಿಗದೆ, ನಮ್ಮನೆಯವಳ ಕಿವಿಯೋಲೆಯ ಕಡ್ಡಿಯಲ್ಲಿ ಸಿಮ್ ಬದಲಾಯಿಸಿದೆ. ಅಲ್ಲಿಂದೀಚೆಗೆ ನಮ್ಮ ಸಿಮ್ ಫೋನಿನಲ್ಲೇ ಇರುತ್ತದೆ, ಡೇಟಾಗೆ ಬೇರೆ ಇ-ಸಿಮ್, ಅಂದ್ರೆ ಚಿಪ್ ಹಾಕದೆ ಫೋನಿಗೇ ಇಳಿಸಿಕೊಳ್ಳುವ ಸಿಮ್. ಓಟಿಪಿಯ ಎಸ್‌ಎಂಎಸ್ ಬಂದದ್ದಕ್ಕೆ ನನಗೆ ಯಾವತ್ತೂ ದುಡ್ಡು ಬಿದ್ದಿಲ್ಲ. ಬೀಳುವುದು ಕರೆ ಎತ್ತಿದರೆ.

ಅದೇ ಪ್ರವಾಸದಲ್ಲಿ ಇನ್ನೊಂದು ಎಡವಟ್ಟು. ಆಮೇಲೆ ಕೊಂಡ ಇ-ಸಿಮ್ ಸಿಂಗಪುರಕ್ಕೆ ಮಾತ್ರ ಇತ್ತು. ಬಸ್ಸು ವುಡ್‌ಲ್ಯಾಂಡ್ಸ್ ಗಡಿ ದಾಟಿ ಮಲೇಷ್ಯಾದ ಜೊಹೊರ್ ಬಾರು ಸೇರಿದ ಕೂಡಲೇ ಅದು ಸತ್ತಿತು. ಫೋನಿನಲ್ಲಿ ಒಂದು ಸಿಮ್‌ಗೆ ಸಿಗ್ನಲ್ ಹೋದರೆ ಇನ್ನೊಂದಕ್ಕೆ ತಾನೇ ಡೇಟಾ ಬದಲಾಯಿಸುವ ಸೌಲಭ್ಯ ಇರುತ್ತದಲ್ಲ, ಅದು ಆನ್ ಇತ್ತು. ನನ್ನದು ಆಗಲೇ ಪ್ರೀಪೇಯ್ಡ್, ಬ್ಯಾಲೆನ್ಸ್ 200 ಇತ್ತು, ನೋಡನೋಡುತ್ತಾ ಸೊನ್ನೆಯಾಗಿ ನಿಂತಿತು. ನಮ್ಮನೆಯವಳದು ಪೋಸ್ಟ್‌ಪೇಯ್ಡ್. ನಿಲ್ಲುವ ಮಾತೇ ಇಲ್ಲ, ಮೂರು ಸಾವಿರದ ಹತ್ತಿರ ಬಂತು. ಈಗ ಆ ಸ್ವಿಚ್ಚು ಆಫ್, ನಮ್ಮ ಸಿಮ್‌ನ ರೋಮಿಂಗ್ ಡೇಟಾ ಆಫ್, ಇಬ್ಬರೂ ಪ್ರೀಪೇಯ್ಡ್. ಹೊರಡುವ ಮುಂಚೆ ##002# ಒತ್ತಿ ಕಾಲ್ ಫಾರ್ವರ್ಡಿಂಗ್ ಎಲ್ಲ ತೆಗೆಯುತ್ತೇನೆ. ಇಲ್ಲದಿದ್ದರೆ ನಾವು ಎತ್ತದ ಕರೆ ಅಲ್ಲಿಗೆ ಬಂದು ಮತ್ತೆ ಇಂಡಿಯಾಕ್ಕೆ ತಿರುಗಿ, ಎರಡೂ ಕಡೆಗೆ ನಮ್ಮ ಲೆಕ್ಕದಲ್ಲೇ ಬೀಳಬಹುದು. ವಿಮಾನ ಹತ್ತಿದ ಕೂಡಲೇ ಫ್ಲೈಟ್ ಮೋಡ್, ವಿಮಾನದೊಳಗಿನ ನೆಟ್‌ವರ್ಕಿಗೆ ಅಂಟಿಕೊಂಡರೆ ಅದರ ರೇಟೇ ಬೇರೆ.

ಸಿಂಗಪುರದ ಮೆಟ್ರೋದಲ್ಲಿ ಒಂದು ಚಿಕ್ಕ ಲೆಕ್ಕ ಹಾಕಿದೆ. ಹೊರದೇಶದ ಬ್ಯಾಂಕ್ ಕಾರ್ಡ್ ಟ್ಯಾಪ್ ಮಾಡಿದರೆ ಆಗ ಒಂದು ಕಾರ್ಡಿಗೆ ದಿನಕ್ಕೆ 60 ಸೆಂಟ್ ಶುಲ್ಕ ಇತ್ತು. ಅಲ್ಲಿನ ಬಸ್ಸು, ಮೆಟ್ರೋಗೆ ನಡೆಯುವ ಈಝೀ-ಲಿಂಕ್ ಕಾರ್ಡ್ ಕೊಂಡರೆ ಐದು ಡಾಲರ್ ವಾಪಸ್ ಬರುತ್ತಿರಲಿಲ್ಲ. ನಾವಿದ್ದದ್ದು ಐದು ದಿನ, ತಲಾ ಮೂರು ಡಾಲರಿನಲ್ಲಿ ಮುಗಿಯಿತು. ಹತ್ತು ದಿನ ಇರುವವರಿಗೆ ಈಝೀ-ಲಿಂಕೇ ಲೇಸಾಗಿತ್ತು. ಶ್ರೀಲಂಕಾದಲ್ಲಿ 2024ರ ಫೆಬ್ರವರಿಯಲ್ಲಿ ಯುಪಿಐ ಶುರುವಾಯಿತು, ನಾವು ಏಪ್ರಿಲ್‌ನಲ್ಲಿ ಹೋಗಿ ಕೊಲಂಬೋದಲ್ಲಿ ಚಹಾಪುಡಿಗೆ ಸ್ಕ್ಯಾನ್ ಮಾಡಿದೆವು. ಮಜಾ ಬಂತು, ಆದರೆ ರೇಟು ನನ್ನ ಕಾರ್ಡಿಗಿಂತ ಒಂದೆರಡು ಪರ್ಸೆಂಟ್ ದುಬಾರಿ ಅನ್ನಿಸಿತು.

ಕೊನೆಗೆ ಯುರೋಪಿನಲ್ಲಿ ಎಲ್ಲ ಕೂಡಿಬಂತು. 2017ರ ಜೂನ್‌ನಿಂದ ಯುರೋಪಿಯನ್ ಯೂನಿಯನ್ ಒಳಗೆ ಒಂದು ದೇಶದ ಸಿಮ್ ಇನ್ನೊಂದರಲ್ಲಿ ಅದೇ ದರಕ್ಕೆ ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಸ್ವಿಟ್ಜರ್ಲೆಂಡ್ ಯೂನಿಯನ್ನಿನಲ್ಲಿ ಇಲ್ಲ! ಪ್ಯಾರಿಸ್ ಬಿಟ್ಟ ರೈಲು ಬಾಸೆಲ್ ತಲುಪಿದಾಗ ನಮ್ಮ ಬೋಗಿಯಲ್ಲಿದ್ದ ಇಬ್ಬರು ಹುಡುಗರು ಫೋನನ್ನು ಕಿಟಕಿಗೆ ಹಿಡಿದು ಸಿಗ್ನಲ್ ಹುಡುಕುತ್ತಿದ್ದರು. ನಾನು ಜೊಹೊರ್‌ನಲ್ಲಿ ಪಾಠ ಕಲಿತವನು, ದೇಶಗಳ ಪಟ್ಟಿಯಲ್ಲಿ ಆ ಹೆಸರು ನೋಡಿಯೇ ಇ-ಸಿಮ್ ಕೊಂಡಿದ್ದೆ. ಸುಮಾರು 1,700 ರೂಪಾಯಿ, ನಮ್ಮನೆಯವಳಿಗೆ ಹಾಟ್‌ಸ್ಪಾಟ್. ಇಬ್ಬರಿಗೂ ರೋಮಿಂಗ್ ಪ್ಯಾಕ್ ಹಾಕಿಸಿದ್ದರೆ ಆರು ಸಾವಿರದ ಮೇಲೆ. ಆ ಹುಡುಗರಿಗೂ ಹೋಟೆಲ್ ದಾರಿ ನೋಡಿಕೊಳ್ಳಲು ಹಾಟ್‌ಸ್ಪಾಟ್ ಕೊಟ್ಟೆ. ಸ್ವಲ್ಪ ಬೀಗಿದೆ, ಸುಳ್ಳು ಹೇಳಲ್ಲ.

ಮತ್ತೆ ಆ ಆರುನೂರು ಎಲ್ಲಿ ಹೋಯಿತು ಅಂತ ಭಾವ ಫೋನ್ ಮಾಡಿ ಕೇಳಿದರು. ಪ್ಯಾರಿಸ್ಸಿನಲ್ಲಿ ಒಂದು ಸಲ ನೂರು ಯೂರೋ ನಗದು ತೆಗೆದದ್ದಕ್ಕೆ 180ರ ಹತ್ತಿರ. ಸ್ವಿಟ್ಜರ್ಲೆಂಡಿನ ಅಂಗಡಿಯಲ್ಲಿ ಗಂಟೆ, ಚಾಕಲೇಟು ಕೊಳ್ಳುವಾಗ ನಾನು ಹೊರಗೆ ಫೋಟೋ ತೆಗೆಯುತ್ತಿದ್ದೆ. ಕೌಂಟರಿನ ಹುಡುಗಿ ತಾನೇ ರೂಪಾಯಿ ಒತ್ತಿ ಮೆಷಿನ್ ಕೊಟ್ಟಳು, ನಮ್ಮನೆಯವಳು ಪಿನ್ ಹಾಕಿದಳು. 330 ಅಲ್ಲಿ. ಇನ್ನೊಂದು ನೂರು ನನ್ನದೇ ತಪ್ಪು. ಬೆಳಗಿನ ಜಾವ ಐದು ಗಂಟೆಗೆ ಫೋನ್ ಹೊಡೆದುಕೊಂಡಿತು, ಮನೆಯಲ್ಲಿ ಏನಾಯಿತೋ ಅಂತ ನಿದ್ದೆಗಣ್ಣಲ್ಲಿ ಎತ್ತಿಬಿಟ್ಟೆ.

"ನಮಸ್ಕಾರ ಸರ್, ನಿಮಗೆ ಪರ್ಸನಲ್ ಲೋನ್ ಏನಾದ್ರೂ ಬೇಕಿತ್ತಾ?"