ಅಮ್ಮನಿಗೆ ರಿಂಗ್ ಕೇಳಿಸದಿದ್ದರೆ: ಇಂಗ್ಲೆಂಡಿನಲ್ಲಿ ಯಾರನ್ನು ಕೇಳಬೇಕು?

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಆಷಾಢದ ಮಳೆ ಹಿಡಿದರೆ ಫೋನ್ ಬಡಿದುಕೊಂಡರೂ ಯಾರಿಗೂ ಕೇಳುತ್ತಿರಲಿಲ್ಲ. ಹಂಚಿನ ಮೇಲಿನ ಸದ್ದು ಹಾಗೆ. ಅದಕ್ಕೇ ಅಮ್ಮನ ಕಿವಿ ಮಂದವಾಗಿದ್ದು ಬಹಳ ದಿನ ನಮಗೆ ಗೊತ್ತಾಗಲಿಲ್ಲ. ಇಂಗ್ಲೆಂಡಿಗೆ ಬಂದು ನಮ್ಮ ಜೊತೆ ನೆಲೆಸಿದ ಮೇಲೆ ಗೊತ್ತಾಯಿತು. ಇಲ್ಲೂ ಮಳೆ ಇದೆ, ಆದರೆ ಸದ್ದಿಲ್ಲದ ಮಳೆ.

ರಿಂಗ್ ಬಂದದ್ದನ್ನು ದೀಪ ಮಿಂಚಿಸಿಯೋ ನಡುಗಿಯೋ ತಿಳಿಸುವ ಸಲಕರಣೆಗಳಿವೆ. ಅದಕ್ಕೆ ಮೊದಲು ಕೌನ್ಸಿಲ್‌ಗೆ ಫೋನ್ ಮಾಡಿ. ಕೌನ್ಸಿಲ್ ಅಂದರೆ ನಮ್ಮ ನಗರಸಭೆ ಥರ, ಆದರೆ ವಯಸ್ಸಾದವರನ್ನು, ಅಂಗವಿಕಲರನ್ನು ನೋಡಿಕೊಳ್ಳುವುದೂ ಅದರ ಕೆಲಸ. ಅಡಲ್ಟ್ ಸೋಷಿಯಲ್ ಕೇರ್ ವಿಭಾಗ ಕೇಳಿ, 'ನೀಡ್ಸ್ ಅಸೆಸ್‌ಮೆಂಟ್ ಬೇಕು' ಅನ್ನಿ, ಅಂದರೆ ಏನೇನು ಸಹಾಯ ಬೇಕೆಂದು ಅವರು ನೋಡುವುದು. ಅಗತ್ಯ ಇದೆ ಎಂದು ಅವರು ಒಪ್ಪಿದರೆ ಸಲಕರಣೆಗೆ ದುಡ್ಡು ಕೇಳುವ ಹಾಗಿಲ್ಲ. ಮನೆಯಲ್ಲಿ ಮಾಡುವ 1000 ಪೌಂಡ್ ಒಳಗಿನ ಚಿಕ್ಕಪುಟ್ಟ ಮಾರ್ಪಾಡಿಗೂ ಅಷ್ಟೇ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಕಾನೂನು ಬೇರೆ. 'ಬಿಟ್ಟಿ ಸಾಮಾನು ನಮಗ್ಯಾಕೆ' ಎಂದು ಅಮ್ಮ ಮುಖ ಸಿಂಡರಿಸಿದಳು. ಬಿಟ್ಟಿ ಅಲ್ಲ ಮಾರಾಯ್ತಿ, ನಾನು ತಿಂಗಳು ತಿಂಗಳು ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಅದು.

ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮಂದಿರಿಗೆ ಇದನ್ನು ನಂಬಿ ಕೂರಬೇಡಿ, ಕೊಂಡುಬಿಡಿ. ಕಿವಿಯ ತೊಂದರೆ ಬಹುಕಾಲದ್ದಾದರೆ ಇಂಥ ಸಲಕರಣೆಗೆ 20% ವ್ಯಾಟ್ ಬೀಳುವುದಿಲ್ಲ. ಅಂಗಡಿಯವರು ಕೊಡುವ ಫಾರ್ಮ್‌ಗೆ ಸಹಿ ಹಾಕಿದರೆ ಸಾಕು.

ಇನ್ನು ಸಲಕರಣೆ. ಫೋನಿನ ತಂತಿಗೆ ಸಿಕ್ಕಿಸುವ ಡಬ್ಬಿ ರಿಂಗ್ ಬಂದಾಗ ದೀಪ ಮಿಂಚಿಸುತ್ತದೆ, ಇಲ್ಲವೇ ಜೋರಾಗಿ ಕೂಗುತ್ತದೆ. ದಿಂಬಿನ ಕೆಳಗೆ ಇಡುವ ಬಿಲ್ಲೆ ಗಡಗಡ ನಡುಗುತ್ತದೆ. ನಾನು ಅವಸರಕ್ಕೆ ದೀಪದ ಡಬ್ಬಿ ತಂದು ಹಚ್ಚಿದೆ. ತಂಗಿ ಶಿವಮೊಗ್ಗದಿಂದ ಫೋನ್ ಮಾಡಿದಳು, ಡಬ್ಬಿ ಕಣ್ಣೇ ಬಿಡಲಿಲ್ಲ. ಬಿಡುವುದಾದರೂ ಹೇಗೆ? ಅವಳು ಮಾಡಿದ್ದು ವಾಟ್ಸಾಪ್ ಕಾಲ್! ಊರಿನ ಫೋನೆಲ್ಲ ಈಗ ಅದರಲ್ಲೇ ಬರುವುದು, ಅಲ್ವಾ? ಹಾಗಾಗಿ ಅಸೆಸ್‌ಮೆಂಟ್‌ಗೆ ಬಂದವರಿಗೆ 'ಲ್ಯಾಂಡ್‌ಲೈನ್ ಅಲ್ಲ, ಮೊಬೈಲ್' ಎಂದು ಬಿಡಿಸಿ ಹೇಳಿ. ಮೊಬೈಲ್ ನಡುಗುವುದನ್ನು ಹಿಡಿದು ದೀಪ ಹೊತ್ತಿಸುವ ಸೆನ್ಸರ್‌ಗಳೂ ಇವೆ. ಖರ್ಚಿಲ್ಲದ ದಾರಿ ಬೇಕಾದರೆ ಐಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಎಲ್ಇಡಿ ಫ್ಲಾಶ್ ಆನ್ ಮಾಡಿ. ಕೈಯಲ್ಲಿ ನಡುಗುವ ಸ್ಮಾರ್ಟ್‌ವಾಚ್ ಅಮ್ಮನಿಗೆ ಜಾಸ್ತಿ ಹಿಡಿಸಿತು. ಬಳೆಗೆ ತಾಗುತ್ತದೆ ಎಂಬುದೊಂದೇ ತಕರಾರು.

ಲ್ಯಾಂಡ್‌ಲೈನ್ ಇದ್ದವರಿಗೆ ಒಂದು ಮಾತು. ತಾಮ್ರದ ತಂತಿಯ ಮೇಲೆ ನಡೆಯುವ ಹಳೆಯ ಫೋನ್ ಜಾಲವನ್ನು 2027ರ ಜನವರಿಯೊಳಗೆ ಮುಚ್ಚುವುದೆಂದು ಇಲ್ಲಿ ನಿಗದಿಯಾಗಿದೆ. ಆಮೇಲೆ ಫೋನ್ ರೌಟರ್‌ಗೆ ಸಿಕ್ಕಿಸಬೇಕು, ಡಬ್ಬಿಯನ್ನೂ ಅಲ್ಲಿಗೇ ಸಿಕ್ಕಿಸಬೇಕು.

ಫೋನಿಗಿಂತ ಮುಖ್ಯವಾದದ್ದು ಹೊಗೆಯ ಅಲಾರಂ. ರಾತ್ರಿ ಹಿಯರಿಂಗ್ ಏಡ್ ತೆಗೆದಿಟ್ಟು ಮಲಗಿದವರಿಗೆ ಅದೂ ಕೇಳಿಸುವುದಿಲ್ಲ. ನಿಮ್ಮ ಊರಿನ ಫೈರ್ ಸರ್ವಿಸ್‌ಗೆ ಹೇಳಿ. ಎಷ್ಟೋ ಕಡೆ ಅವರೇ ಮನೆಗೆ ಬಂದು ನೋಡಿ, ದೀಪ ಮಿಂಚುವ, ದಿಂಬು ನಡುಗಿಸುವ ಅಲಾರಂ ಹಾಕಿಕೊಡುತ್ತಾರೆ. ಮಾತಾಡಲು ಕಷ್ಟ ಇದ್ದವರು ಇಲ್ಲಿನ ತುರ್ತು ನಂಬರ್ 999ಕ್ಕೆ ಮೆಸೇಜ್ ಕಳಿಸಿಯೂ ಸಹಾಯ ಕೇಳಬಹುದು. ಆದರೆ ಮೊದಲೇ ಅದೇ ನಂಬರಿಗೆ 'ರಿಜಿಸ್ಟರ್' ಎಂದು ಇಂಗ್ಲಿಷ್‌ನಲ್ಲಿ ಮೆಸೇಜ್ ಹಾಕಿ ನೋಂದಾಯಿಸಿಕೊಂಡಿರಬೇಕು.

ನೀವೇ ಕೊಂಡ ಡಬ್ಬಿಯನ್ನು ಊರಿಗೆ ಒಯ್ಯುವುದಾದರೆ ಕರೆಂಟಿನ ಚಿಂತೆಯಿಲ್ಲ, ಎರಡೂ ಕಡೆ 230 ವೋಲ್ಟ್. ಪ್ಲಗ್ ಮಾತ್ರ ಬೇರೆ, ಫೋನಿನ ಪಿನ್ನೂ ಬೇರೆ, ಅಡಾಪ್ಟರ್ ಇಲ್ಲಿಂದಲೇ ತಗೊಳ್ಳಿ. ಬ್ಯಾಟರಿ ಇರುವುದನ್ನೇ ಆರಿಸಿ. ಆಷಾಢದಲ್ಲಿ ನಮ್ಮೂರಿನ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ.