ಬೇರಿಯಂ ಟೈಟನೇಟ್ ಬಿಲ್ಲೆ: ಮೊದಲು ತಕ್ಕಡಿ, ಆಮೇಲೆ ಎಕ್ಸ್‌ಆರ್‌ಡಿ

ಬೇರಿಯಂ ಟೈಟನೇಟ್ ಕೆಪಾಸಿಟರುಗಳಲ್ಲಿ ಬಳಸುವ ಸೆರಾಮಿಕ್; ಎರಡು ಪುಡಿಗಳನ್ನು ಬೆರೆಸಿ ಸುಟ್ಟು ಅದರ ಬಿಲ್ಲೆ ಮಾಡುವ ಬಗೆ ಇದು. ಹತ್ತು ಗ್ರಾಂ ಬೇರಿಯಂ ಟೈಟನೇಟ್‌ಗೆ 8.463 ಗ್ರಾಂ ಬೇರಿಯಂ ಕಾರ್ಬೊನೇಟ್, 3.425 ಗ್ರಾಂ ಟೈಟಾನಿಯಂ ಡೈಆಕ್ಸೈಡ್ ಬೇಕು. ಲೆಕ್ಕ ಇಷ್ಟೇ, ಆದರೆ ಕೆಲಸ ಕೆಡುವುದೂ ಇಲ್ಲೇ. ಡಬ್ಬಿಯಿಂದ ತೆಗೆದು ನೇರ ತೂಗಿದರೆ ತೇವವನ್ನೂ ಸೇರಿಸಿ ತೂಗಿದಂತೆ. ಎರಡನ್ನೂ ರಾತ್ರಿಯಿಡೀ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ, ಡೆಸಿಕೇಟರಿನಲ್ಲಿ (ತೇವ ತಾಗದಂತೆ ಮುಚ್ಚಿಡುವ ಪಾತ್ರೆ) ಆರಲು ಬಿಟ್ಟು ತೂಗುತ್ತೇನೆ. ಸೀಮೆಸುಣ್ಣದ ಪುಡಿಯಂತೆ ಕಾಣುವ ಬೇರಿಯಂ ಕಾರ್ಬೊನೇಟ್ ವಿಷ. ನೀರಿನಲ್ಲಿ ಕರಗದು ನಿಜ, ಹೊಟ್ಟೆಯ ಆಮ್ಲದಲ್ಲಿ ಕರಗುತ್ತದೆ. ಇಲಿ ಪಾಷಾಣವಾಗಿಯೂ ಬಳಕೆಯಲ್ಲಿತ್ತು. ಮಾಸ್ಕ್, ಕೈಗವಸು ಇಲ್ಲದೆ ಮುಟ್ಟಬೇಡಿ.

ಅಗೇಟ್ ಮಾರ್ಟರಿನಲ್ಲಿ (ಗಟ್ಟಿ ಕಲ್ಲಿನ ಕಲ್ಬತ್ತು) ಅಸಿಟೋನ್ ಹಾಕಿ ಎರಡು ಗಂಟೆ ಅರೆಯಬೇಕು, ಅಂಚಿಗೆ ಮೆತ್ತಿದ್ದನ್ನು ಆಗಾಗ ಕೆರೆದು ನಡುವಿಗೆ ತರುತ್ತಾ. ಇಲ್ಲಿ ಸೋಮಾರಿತನ ಮಾಡಿದರೆ ಬೇರಿಯಂ ಹೆಚ್ಚಿರುವ ಕಡೆ ಬೇರಿಯಂ ಆರ್ಥೋಟೈಟನೇಟ್ ಎಂಬ ಬೇಡದ ಸಂಯುಕ್ತ ಉಳಿಯುತ್ತದೆ. ಅದಕ್ಕೆ ತೇವ ತಾಗಿದರೆ ಬಿಲ್ಲೆ ಉದುರುತ್ತದೆ. ಟೈಟಾನಿಯಂ ಹೆಚ್ಚಿರುವ ಕಡೆ 1320 ಡಿಗ್ರಿಯ ಆಸುಪಾಸಿನಲ್ಲೇ ದ್ರವ ಹುಟ್ಟುತ್ತದೆ.

ಅಲ್ಯೂಮಿನಾ ಮೂಸೆಯಲ್ಲಿ ಹಾಕಿ, ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ, 1100ರಲ್ಲಿ ನಾಲ್ಕು ಗಂಟೆ. ಖಾಲಿ ಮೂಸೆ, ಪುಡಿ ತುಂಬಿದ ಮೂಸೆ, ಸುಟ್ಟ ಮೇಲಿನ ಮೂಸೆ: ಮೂರನ್ನೂ ತೂಗಿ ಬರೆದಿಡಿ. ಕಾರ್ಬನ್ ಡೈಆಕ್ಸೈಡ್ ಪೂರ್ತಿ ಹೋಗಿದ್ದರೆ 11.888 ಗ್ರಾಂ ಇದ್ದದ್ದು 10.000ಕ್ಕೆ ಇಳಿಯಬೇಕು, ಅಂದರೆ ಶೇ. 15.9 ನಷ್ಟ. ನಷ್ಟ ಶೇ. 14 ಬಂತೇ? ಕಾರ್ಬೊನೇಟ್ ಉಳಿದಿದೆ. ಚಿಟಿಕೆ ಪುಡಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ನೊರೆ ಏಳುತ್ತದೆ. ಮತ್ತೆ ಅರೆದು ಮತ್ತೆ ಸುಡಿ. ಶೇ. 17 ಬಂದರೆ ಪುಡಿ ಒಣಗಿರಲಿಲ್ಲ ಎಂದರ್ಥ. ಅನುಪಾತ ತಪ್ಪಿದೆ, ಹೊಸದಾಗಿ ಶುರು ಮಾಡುವುದೇ ಲೇಸು. ಇಷ್ಟನ್ನು ನೋಡದೆ ಎಕ್ಸ್‌ಆರ್‌ಡಿಗೆ (ಎಕ್ಸ್-ರೇ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ) ಸರದಿ ನಿಲ್ಲುವುದು ವ್ಯರ್ಥ.

ಒಂದು ಗ್ರಾಂ ಪುಡಿಗೆ ಶೇ. 2ರ ಪಿವಿಎ (ಪುಡಿಯನ್ನು ಹಿಡಿದಿಡುವ ಅಂಟು) ದ್ರಾವಣ ಮೂರು ಹನಿ. 12 ಮಿಲಿಮೀಟರ್ ಡೈಗೆ (ಬಿಲ್ಲೆ ಒತ್ತುವ ಅಚ್ಚು) ಅರ್ಧ ಗ್ರಾಂ, ಎರಡು ಟನ್ ಒತ್ತಡ. ಇನ್ನೂ ಹೆಚ್ಚು ಒತ್ತಿದರೆ ಗಟ್ಟಿಯಾಗುತ್ತದೆಂಬ ನಂಬಿಕೆ ಬೇಡ. ಒತ್ತಡ ಮೀರಿದರೂ ಸಟ್ಟನೆ ಬಿಟ್ಟರೂ ಬಿಲ್ಲೆಯ ಮೇಲ್ಪದರ ಟೋಪಿಯಂತೆ ಕಳಚಿ ಬರುತ್ತದೆ. ಪಿವಿಎ ಸುಟ್ಟುಹೋಗಲು 600 ಡಿಗ್ರಿವರೆಗೆ ನಿಮಿಷಕ್ಕೆ 2 ಡಿಗ್ರಿ, ಅಲ್ಲಿ ಒಂದು ಗಂಟೆ; ಆಮೇಲೆ 1300ರಲ್ಲಿ ನಾಲ್ಕು ಗಂಟೆ. ಬಿಲ್ಲೆಯ ಅಡಿಗೆ ಅದೇ ಪುಡಿಯನ್ನು ಉದುರಿಸಿ, ಇಲ್ಲವಾದರೆ ಬೇರಿಯಂ ಅಲ್ಯೂಮಿನಾದ ಜೊತೆ ಸೇರಿ ಅಂಟಿಕೊಳ್ಳುತ್ತದೆ.

ಬೆಂದ ಬಿಲ್ಲೆ 10 ಮಿಲಿಮೀಟರಿಗೆ ಕುಗ್ಗಿ, 1.1 ಮಿಲಿಮೀಟರ್ ದಪ್ಪ ಉಳಿಯುತ್ತದೆ. ಮತ್ತೆ ತಕ್ಕಡಿ: ಗಾಳಿಯಲ್ಲಿ, ನೀರಿನಲ್ಲಿ ತೂಗಿ ಸಾಂದ್ರತೆ ತೆಗೆಯಿರಿ. ಪೂರ್ಣ ಸಾಂದ್ರತೆ ಘನ ಸೆಂಟಿಮೀಟರಿಗೆ 6.02 ಗ್ರಾಂ, ನನಗೆ ಅದರ ಶೇ. 95 ಬೇಕು. ರಂಧ್ರ ಹೆಚ್ಚಿದ್ದರೆ ಮಳೆಗಾಲದಲ್ಲಿ ತೇವ ಹೀರಿ ಲಾಸ್ ಟ್ಯಾಂಜೆಂಟ್ (ವಿದ್ಯುತ್ ಶಕ್ತಿ ಬಿಸಿಯಾಗಿ ಪೋಲಾಗುವುದರ ಅಳತೆ) ಏರುತ್ತದೆ.

ಎರಡೂ ಮುಖಕ್ಕೆ ಬೆಳ್ಳಿ ಪೇಸ್ಟ್ ಹಚ್ಚಿ ಸುಟ್ಟು, ಎಲ್‌ಸಿಆರ್ ಮೀಟರಿನಲ್ಲಿ 1 ಕಿಲೋಹರ್ಟ್ಸ್‌ಗೆ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಅಳೆಯಿರಿ. 1 ನ್ಯಾನೊಫ್ಯಾರಡ್ ಬಂದರೆ ಡೈಎಲೆಕ್ಟ್ರಿಕ್ ಸ್ಥಿರಾಂಕ (ನಿರ್ವಾತಕ್ಕಿಂತ ಎಷ್ಟು ಪಟ್ಟು ಹೆಚ್ಚು ಆವೇಶ ಹಿಡಿಯುತ್ತದೆ ಎಂಬ ಸಂಖ್ಯೆ) ಹತ್ತಿರಹತ್ತಿರ 1600. ಕಣಗಳು ಒಂದು ಮೈಕ್ರಾನ್ ಆಸುಪಾಸಿನಲ್ಲಿದ್ದರೆ ಇದು ಬಹಳ ಮೇಲಕ್ಕೆ ಹೋಗುತ್ತದೆ. ಬಿಸಿ ಮಾಡುತ್ತಾ ಹೋದರೆ 120 ಡಿಗ್ರಿ ದಾಟುವ ಹೊತ್ತಿಗೆ ಈ ಸ್ಥಿರಾಂಕದ ಶಿಖರ ಕಾಣಬೇಕು: ಒಂದು ದಿಕ್ಕಿಗೆ ತುಸು ಉದ್ದವಾದ ಟೆಟ್ರಾಗೋನಲ್ ಹರಳು ಎಲ್ಲ ಬದಿ ಸಮವಾದ ಕ್ಯೂಬಿಕ್ ಆಗುವುದು ಅಲ್ಲೇ. ಬೇರಿಯಂ ಜಾಗಕ್ಕೆ ಸ್ಟ್ರಾನ್ಷಿಯಂ ಸೇರಿಸಿದಷ್ಟೂ ಶಿಖರ ಕೆಳಗಿನ ಉಷ್ಣತೆಗೆ ಸರಿಯುತ್ತದೆ.

ಸೊಳ್ಳೆ ಓಡಿಸುವ ಲಿಕ್ವಿಡ್ ಮಷೀನಿನೊಳಗಿನ ಪಿಟಿಸಿ (ಬಿಸಿಯಾದಂತೆ ರೋಧ ಏರುವ) ಹೀಟರ್ ಬಿಲ್ಲೆಯೂ ಇದೇ ಬಳಗದ್ದು. ಬೇರಿಯಂ ಜಾಗದಲ್ಲಿ, ಪರಮಾಣುಗಳ ಲೆಕ್ಕದಲ್ಲಿ, ಶೇ. 0.2 ಲ್ಯಾಂಥನಂ ಸೇರಿದರೆ ವಿದ್ಯುತ್ ಹರಿಯಗೊಡದ ಬಿಲ್ಲೆ ಅರೆವಾಹಕವಾಗುತ್ತದೆ. 120 ಡಿಗ್ರಿ ದಾಟಿದರೆ ರೋಧ ಸಾವಿರಾರು ಪಟ್ಟು ಏರಿ ತಾನೇ ಬಿಸಿಯನ್ನು ಹಿಡಿದು ನಿಲ್ಲಿಸುತ್ತದೆ. ಇದಕ್ಕೆ ದೊಡ್ಡ ಕಣಗಳೇ ಬೇಕು, ಹಾಗಾಗಿ 1350ಕ್ಕೆ ಏರಿಸುತ್ತೇನೆ; ಗಾಳಿಯಲ್ಲಿ ನಿಧಾನವಾಗಿ ಆರಿಸದಿದ್ದರೆ ಕಣಗಳ ಅಂಚಿಗೆ ಆಮ್ಲಜನಕ ತಲುಪದೆ ಈ ಗುಣವೇ ಬಾರದು. ಹತ್ತು ಗ್ರಾಂಗೆ ಬೇಕಾದ ಲ್ಯಾಂಥನಂ ಆಕ್ಸೈಡ್ ಕೇವಲ 14 ಮಿಲಿಗ್ರಾಂ. ಬೇರಿಯಂ ಕಾರ್ಬೊನೇಟನ್ನು 8.446ಕ್ಕೆ ಇಳಿಸಬೇಕು. ಡಬ್ಬಿಯಲ್ಲಿ ಕೂತ ಲ್ಯಾಂಥನಂ ಆಕ್ಸೈಡ್ ತೇವ ಹೀರಿ ಹೈಡ್ರಾಕ್ಸೈಡ್ ಆಗಿರುತ್ತದೆ. ಹಾಗೇ ತೂಗಿದರೆ ಶೇ. 0.2ರ ಬದಲು 0.17 ಬೀಳುತ್ತದೆ. ಅದನ್ನು 1000 ಡಿಗ್ರಿಯಲ್ಲಿ ಸುಟ್ಟು, ಬಿಸಿ ಆರಿದ ಕೂಡಲೇ ತೂಗಿ.